ಹೆಚ್ಚಾಗಿ ಬಂದ ಸಂಬಳ ಯಾರ ಸೊತ್ತು?

ಕಳೆದ ತಿಂಗಳ ಮೊದಲ ವಾರ, ಇಶಾ ನಮಾಝ್ ಮುಗಿಸಿ ಮನೆಗೆ ಮರಳಿದ ಹೊತ್ತಿಗೆ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂತು. ಹತ್ತು ಹನ್ನೆರಡು ವರ್ಷಗಳ ಹಿಂದೆ ಮದ್ರಸದಲ್ಲಿ ನನ್ನ ಬಳಿ ಕಲಿತವನು. ಈಗ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರಲ್ಲಿ ಉದ್ಯೋಗಿ. ಸಲಾಮ್ ಹೇಳಿ, ಕುಶಲ ವಿಚಾರಿಸಿ, ಸ್ವಲ್ಪ ತಡವರಿಸಿ ವಿಷಯಕ್ಕೆ ಬಂದ. "ಉಸ್ತಾದ್, ಈ ಸಲ ನನ್ನ ಖಾತೆಗೆ ಸಂಬಳ ಎರಡು ಬಾರಿ ಬಂದಿದೆ. ಮೊದಲು 28,400 ರೂಪಾಯಿ, ಮರುದಿನ ಮತ್ತೆ ಅಷ್ಟೇ. ಆರು ದಿನ ಆಯಿತು, ಆಫೀಸಿನಿಂದ ಯಾರೂ ಕೇಳಲಿಲ್ಲ. ನಾನು ಕೇಳಿ ಪಡೆದದ್ದಲ್ಲ, ಸುಳ್ಳು ಹೇಳಿ ಪಡೆದದ್ದೂ ಅಲ್ಲ. ಅವರಾಗಿಯೇ ಕೇಳಿದರೆ ಖಂಡಿತ ಕೊಡುತ್ತೇನೆ. ಅಲ್ಲಿಯವರೆಗೆ ಸುಮ್ಮನಿದ್ದರೆ ತಪ್ಪಾ?"

ಆತ ಕೆಟ್ಟ ಹುಡುಗನಲ್ಲ. ನಮಾಝ್ ಬಿಡದವನು, ಮನೆಯ ಹೊಣೆ ಹೊತ್ತವನು. ತಂದೆ ಹಾಸಿಗೆ ಹಿಡಿದಿದ್ದಾರೆ, ತಂಗಿಯ ನಿಕಾಹ್‌ಗೆ ದಿನ ಗೊತ್ತಾಗಿದೆ. ಅಂತಹ ಕಷ್ಟದ ದಿನಗಳಲ್ಲಿ ಖಾತೆಗೆ ಬಂದು ಬಿದ್ದ ಹಣವನ್ನು ಮುಟ್ಟದೆ, ಕೇಳಬೇಕೆಂದು ಅವನಿಗೆ ತೋಚಿತಲ್ಲ, ಅದು ಈಮಾನಿನ ಗುರುತೇ ಸರಿ. ಆದ್ದರಿಂದ ನಾನು ಅವನನ್ನು ಗದರಿಸಲಿಲ್ಲ. ಗದರಿಸುವ ಅರ್ಹತೆಯೂ ನನಗಿರಲಿಲ್ಲ. "ಅವರಾಗಿಯೇ ಕೇಳಿದರೆ ಕೊಡುತ್ತೇನೆ" ಎಂಬ ಮಾತನ್ನು ಒಂದು ಕಾಲದಲ್ಲಿ ನಾನೂ ನನಗೇ ಹೇಳಿಕೊಂಡಿದ್ದೆ. ಆ ಮಾತಿನೊಳಗೆ ಅಡಗಿರುವ ಮೋಸವೇನೆಂಬುದು ನನಗೆ ಅನುಭವದಿಂದ ಗೊತ್ತು.

ಇದು ಒಬ್ಬ ಯುವಕನ ಪ್ರಶ್ನೆಯಷ್ಟೇ ಅಲ್ಲ. ಸಂಬಳ ಲಕೋಟೆಯಲ್ಲಿ ಸಿಗುತ್ತಿದ್ದ ಕಾಲದಲ್ಲಿ ಕೊಡುವವನು ಎಣಿಸಿ ಕೊಡುತ್ತಿದ್ದ, ಪಡೆಯುವವನು ಅಲ್ಲೇ ನಿಂತು ಎಣಿಸಿಕೊಳ್ಳುತ್ತಿದ್ದ. ತಪ್ಪಿದ್ದರೆ ಇಬ್ಬರ ಕಣ್ಣೆದುರೇ ಸರಿಯಾಗುತ್ತಿತ್ತು. ಇಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಬ್ಯಾಂಕ್ ಜಮೆ ಮಾಡುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ಬಿಟ್ಟುಹೋದ ಜವಾಬ್ದಾರಿಯ ಭತ್ಯೆ ಮುಂದುವರಿಯುವುದು, ವೇತನರಹಿತ ರಜೆಯ ದಿನಕ್ಕೂ ಹಣ ಬರುವುದು, ಮಾಡದ ಓವರ್‌ಟೈಮ್ ದಾಖಲಾಗುವುದು, ವಾರ್ಷಿಕ ವೇತನ ಬಡ್ತಿ ತಪ್ಪಾಗಿ ನಿಗದಿಯಾಗುವುದು, ಇವೆಲ್ಲ ಊರಿನ ಶಾಲೆಯಿಂದ ಹಿಡಿದು ಕೊಲ್ಲಿ ರಾಷ್ಟ್ರಗಳ ಕಂಪೆನಿಗಳವರೆಗೆ ನಮ್ಮವರು ದುಡಿಯುವ ಎಲ್ಲ ಕಡೆ ಆಗುತ್ತಿರುವ ಸಂಗತಿಗಳು. ತಪ್ಪು ನಡೆದಾಗ ಎದುರಿನಲ್ಲಿ ಯಾರೂ ಇರುವುದಿಲ್ಲ. ನಾವು ಮತ್ತು ಮೊಬೈಲಿನ ಪರದೆ, ಅಷ್ಟೇ.

ಅಲ್ಲಿ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಲು ಒಂದು ಸುಲಭ ಉಪಾಯವಿದೆ. ಇದೇ ತಪ್ಪು ತಿರುಗಿ ನಡೆದಿದ್ದರೆ ನಾವೇನು ಮಾಡುತ್ತಿದ್ದೆವು? ಸಂಬಳದಲ್ಲಿ ಐನೂರು ರೂಪಾಯಿ ಕಡಿಮೆ ಬಂದರೆ ಅಂದೇ ಲೆಕ್ಕ ವಿಭಾಗದ ಮುಂದೆ ನಿಲ್ಲುತ್ತೇವೆ. ಹಾಜರಿ ಪುಸ್ತಕ ತೋರಿಸುತ್ತೇವೆ, ಕಳೆದ ತಿಂಗಳ ಚೀಟಿ ಹಿಡಿದು ವಾದಿಸುತ್ತೇವೆ. ಐದು ಸಾವಿರ ಹೆಚ್ಚು ಬಂದರೆ ಮಾತ್ರ "ಅವರೇ ನೋಡಿಕೊಳ್ಳಲಿ" ಎನ್ನುತ್ತೇವೆ. ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯವಾದ ಅಲ್ ಮುತಫ್ಫಿಫೀನ್, ಪಡೆಯುವಾಗ ಪೂರ್ತಿ ಅಳೆದುಕೊಂಡು ಕೊಡುವಾಗ ಕಡಿಮೆ ಅಳೆಯುವವರಿಗೆ ಕಠಿಣ ಎಚ್ಚರಿಕೆ ನೀಡುತ್ತಲೇ ಆರಂಭವಾಗುತ್ತದೆ. ಆ ಅಧ್ಯಾಯವನ್ನು ಓದುವಾಗ ನಮ್ಮ ಕಣ್ಣಮುಂದೆ ಬರುವುದು ತಕ್ಕಡಿ ಹಿಡಿದ ವ್ಯಾಪಾರಿ. ಆದರೆ ತಿಂಗಳ ಸಂಬಳ ಪಡೆಯುವ ನಮ್ಮ ಕೈಯಲ್ಲೂ ಒಂದು ತಕ್ಕಡಿ ಇದೆ. ಕೊರತೆಯನ್ನು ತೂಗಲು ಒಂದು ಕಲ್ಲು, ಹೆಚ್ಚಳವನ್ನು ತೂಗಲು ಬೇರೊಂದು ಕಲ್ಲು ಇಟ್ಟುಕೊಂಡವನು ಆ ಎಚ್ಚರಿಕೆಯಿಂದ ಹೊರಗುಳಿಯಲಾರ.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಉದ್ಯೋಗವೆಂಬುದು ಇಜಾರ, ಅಂದರೆ ಗೊತ್ತಾದ ದುಡಿಮೆಗೆ ಗೊತ್ತಾದ ಪ್ರತಿಫಲವನ್ನು ನಿಗದಿಪಡಿಸಿಕೊಳ್ಳುವ ಒಪ್ಪಂದ. ಒಪ್ಪಂದದ ಮೊತ್ತ ನಮ್ಮ ಹಕ್ಕು. ಅದಕ್ಕಿಂತ ಹೆಚ್ಚಾಗಿ ಬಂದದ್ದು ಏನು? ಅದು ವೇತನವಲ್ಲ, ಏಕೆಂದರೆ ಅದಕ್ಕೆ ನಾವು ದುಡಿದಿಲ್ಲ. ಅದು ಉಡುಗೊರೆಯೂ ಅಲ್ಲ, ಏಕೆಂದರೆ ಕೊಡಬೇಕೆಂಬ ಇಚ್ಛೆ ಮಾಲಿಕನ ಮನಸ್ಸಿನಲ್ಲಿ ಇರಲಿಲ್ಲ. ಗುಮಾಸ್ತರ ಬೆರಳು ಜಾರಿದ ಮಾತ್ರಕ್ಕೆ ಒಡೆತನ ಬದಲಾಗುವುದಿಲ್ಲ. ಹಾಗಾದರೆ ಅದು ನಮ್ಮ ಕೈಯಲ್ಲಿರುವ ಇನ್ನೊಬ್ಬರ ಸೊತ್ತು. ಅದು ಹೆಚ್ಚಾಗಿ ಬಂದಿದೆ ಎಂದು ನಮಗೆ ತಿಳಿದ ಕ್ಷಣದಿಂದ ಅದು ನಮ್ಮ ಮೇಲಿನ ಅಮಾನತ್. ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಅನ್ನಿಸಾ ಅಧ್ಯಾಯದ 58ನೆಯ ಸೂಕ್ತ ಆಜ್ಞಾಪಿಸುತ್ತದೆ. ತಲುಪಿಸುವುದಕ್ಕೂ, ಅವರು ಕೇಳಿಕೊಂಡು ಬಂದಾಗ ಬಿಟ್ಟುಕೊಡುವುದಕ್ಕೂ ವ್ಯತ್ಯಾಸವಿದೆ.

ಪ್ರವಾದಿವರ್ಯರು(ಸ) ಹಿಂದಿನ ಕಾಲದ ಇಬ್ಬರ ಕುರಿತು ಹೇಳಿದ ಒಂದು ವೃತ್ತಾಂತ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಒಬ್ಬಾತ ಇನ್ನೊಬ್ಬನಿಂದ ಜಮೀನು ಖರೀದಿಸಿದ. ಆ ಜಮೀನಿನಲ್ಲಿ ಬಂಗಾರ ತುಂಬಿದ ಮಡಕೆ ಸಿಕ್ಕಿತು. ಖರೀದಿಸಿದವನು ಮಡಕೆಯೊಂದಿಗೆ ಮಾರಿದವನ ಬಳಿಗೆ ಹೋಗಿ, ತಾನು ಖರೀದಿಸಿದ್ದು ನೆಲವನ್ನೇ ಹೊರತು ಬಂಗಾರವನ್ನಲ್ಲ, ಇದನ್ನು ತೆಗೆದುಕೊ ಎಂದ. ಮಾರಿದವನು, ತಾನು ನೆಲವನ್ನು ಅದರೊಳಗಿರುವುದರ ಸಮೇತ ಮಾರಿದ್ದೇನೆ, ಆದ್ದರಿಂದ ಅದು ನಿನ್ನದೇ ಎಂದ. ಜಗಳ ತೀರ್ಪುಗಾರನ ಮುಂದೆ ಹೋಯಿತು. ಒಬ್ಬನಿಗೆ ಮಗನಿದ್ದ, ಇನ್ನೊಬ್ಬನಿಗೆ ಮಗಳಿದ್ದಳು. ಇಬ್ಬರಿಗೂ ಮದುವೆ ಮಾಡಿಸಿ, ಆ ಬಂಗಾರದಿಂದ ಅವರಿಗಾಗಿ ಖರ್ಚು ಮಾಡಿ, ದಾನವನ್ನೂ ಕೊಡಿ ಎಂದು ತೀರ್ಪಾಯಿತು. ನಾವು ಈ ಕಥೆಯನ್ನು ಮಕ್ಕಳಿಗೆ ಹೇಳಿ ಮುಗುಳ್ನಗುತ್ತೇವೆ. ಆದರೆ ಖರೀದಿಸಿದವನ ನಡೆಯನ್ನು ಗಮನಿಸಬೇಕು. ಮಡಕೆಯ ವಿಷಯ ಮಾರಿದವನಿಗೆ ಗೊತ್ತೇ ಇರಲಿಲ್ಲ. ಆತ ಕೇಳಿಕೊಂಡು ಬರುವ ಸಾಧ್ಯತೆಯೂ ಇರಲಿಲ್ಲ. ಖರೀದಿಸಿದವನೇ ಎದ್ದು ಹೋದ. ನನ್ನ ವಿದ್ಯಾರ್ಥಿಯ ಸ್ಥಿತಿಯೂ ಇದೇ. ಅವನು ಮಾರಿದ್ದು ಒಂದು ತಿಂಗಳ ದುಡಿಮೆ. ಎರಡನೆಯ 28,400 ರೂಪಾಯಿ ಆ ವ್ಯವಹಾರದಲ್ಲಿ ಇರಲೇ ಇಲ್ಲ.

ಈಗ ನನ್ನ ವಿಷಯ ಹೇಳಬೇಕು. ನಾನು ಹಗಲು ಖಾಸಗಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವವನು. ಕೆಲವು ವರ್ಷಗಳ ಹಿಂದೆ ಅಲ್ಲಿನ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ನನ್ನ ಪಾಲಿಗಿತ್ತು. ಅದಕ್ಕಾಗಿ ತಿಂಗಳಿಗೆ 1,800 ರೂಪಾಯಿ ಭತ್ಯೆ. ಆ ವರ್ಷ ಮೇ ತಿಂಗಳಲ್ಲಿ ಆ ಹೊಣೆಯನ್ನು ಬೇರೊಬ್ಬ ಶಿಕ್ಷಕರಿಗೆ ವಹಿಸಲಾಯಿತು. ಆದರೆ ಜೂನ್‌ನಲ್ಲೂ ಜುಲೈಯಲ್ಲೂ ಭತ್ಯೆ ನನ್ನ ಸಂಬಳದೊಂದಿಗೆ ಬರುತ್ತಲೇ ಇತ್ತು. ನಾನು ಚೀಟಿ ನೋಡುವವನಲ್ಲ, ಗಮನಿಸಿರಲಿಲ್ಲ. ಆಗಸ್ಟ್‌ನಲ್ಲಿ ಮಗನ ವಿದ್ಯಾರ್ಥಿವೇತನದ ಅರ್ಜಿಗೆ ಸಂಬಳ ಪ್ರಮಾಣಪತ್ರ ಬೇಕಾಯಿತು. ಅದನ್ನು ಕೈಗೆ ತೆಗೆದುಕೊಂಡಾಗ ಆ ಸಾಲು ಕಣ್ಣಿಗೆ ಬಿತ್ತು. ಆ ರಾತ್ರಿ ಮನೆಯವಳಲ್ಲಿ ಹೇಳಿದೆ. ಆಕೆ ಅನ್ನ ಬಡಿಸುತ್ತಾ, "ನಮ್ಮದಲ್ಲದ್ದು ನಮಗೆ ಯಾಕೆ? ನಾಳೆಯೇ ಹೇಳಿಬಿಡಿ" ಎಂದಳು. ನಾನು, "ಅವರು ಕೇಳಲಿ, ಕೊಡೋಣ" ಎಂದೆ.

ಸೆಪ್ಟೆಂಬರ್ ಬಂತು, ಅಕ್ಟೋಬರ್ ಬಂತು. ಪ್ರತಿ ಸಲವೂ ನನ್ನ ಬಳಿ ಒಂದೊಂದು ಸಮಜಾಯಿಷಿ ಇತ್ತು. ಪರೀಕ್ಷೆ ಮುಗಿಯಲಿ. ಲೆಕ್ಕಪತ್ರ ನೋಡುವವರು ರಜೆಯಲ್ಲಿದ್ದಾರೆ. ಹಿಂದೆ ಎರಡು ವರ್ಷ ರಜಾದಿನಗಳಲ್ಲೂ ವಿದ್ಯಾರ್ಥಿನಿಲಯದಲ್ಲಿ ದುಡಿದಿದ್ದೆನಲ್ಲ, ಅದಕ್ಕೆ ಸರಿಹೋಯಿತು. ಮದ್ರಸದಲ್ಲಿ ಮಕ್ಕಳಿಗೆ ಪಾಠ ಮಾತ್ರ ಎಂದಿನಂತೆ ನಡೆಯುತ್ತಿತ್ತು. ಅಕ್ಟೋಬರ್ ಕೊನೆಯಲ್ಲಿ ಬಿದ್ದು ಸಿಕ್ಕಿದ ವಸ್ತುವಿನ ನಿಯಮವನ್ನು, ಅಂದರೆ ಲುಕ್ತಾದ ವಿಷಯವನ್ನು ಕಲಿಸುತ್ತಿದ್ದೆ. ಬೆಲೆಬಾಳುವ ವಸ್ತು ಸಿಕ್ಕಿದರೆ ಅದರ ಗುರುತುಗಳನ್ನು ನೋಡಿಟ್ಟುಕೊಂಡು ಒಂದು ವರ್ಷ ಕಾಲ ಸಾರಬೇಕು ಎಂದು ವಿವರಿಸಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಪುಟ್ಟ ಹುಡುಗ ಕೈ ಎತ್ತಿದ. "ಉಸ್ತಾದ್, ಅದು ಯಾರದ್ದು ಅಂತ ಗೊತ್ತಿದ್ದರೆ ಆಗಲೂ ಕಾಯಬೇಕಾ?"

"ಗೊತ್ತಿದ್ದರೆ ಕಾಯುವುದು ಎಂತದು? ಆಗಲೇ ಕೊಂಡುಹೋಗಿ ಕೊಡಬೇಕು" ಎಂದು ಉತ್ತರಿಸಿದೆ. ಉತ್ತರ ಬಾಯಿಂದ ಬಂದ ಮೇಲೆ ಅದು ಯಾರಿಗೆ ಹೇಳಿದ್ದೆಂದು ನನಗೆ ಅರ್ಥವಾಯಿತು.

ಮರುದಿನ ಕಚೇರಿಗೆ ಹೋಗಿ ತಿಳಿಸಿದೆ. ಐದು ತಿಂಗಳಿಗೆ 9,000 ರೂಪಾಯಿ. ಲೆಕ್ಕ ನೋಡುವ ಹೆಣ್ಣುಮಗಳು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಕಡತ ತೆರೆದು ನೋಡಿದವರ ಮುಖ ಕಪ್ಪಿಟ್ಟಿತು. ಲೆಕ್ಕ ಪರಿಶೋಧಕರು ಮೊದಲು ಕಂಡುಹಿಡಿದಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ಅವರು ಹೆದರಿದ್ದರು. ನನ್ನ ಮೌನದ ಇನ್ನೊಂದು ತುದಿಯಲ್ಲಿ ಇಂತಹ ಒಬ್ಬರು ಇದ್ದಾರೆ ಎಂದು ನಾನು ಆವರೆಗೂ ಯೋಚಿಸಿಯೇ ಇರಲಿಲ್ಲ. ಆಡಳಿತಾಧಿಕಾರಿ ಆಗಸ್ಟ್‌ನ ಪ್ರಮಾಣಪತ್ರದ ಪ್ರತಿಯನ್ನು ಎತ್ತಿ ನೋಡಿದರು. "ಮಾಸ್ಟ್ರೇ, ಇದು ನಿಮ್ಮ ಕೈಗೆ ಬಂದಾಗಲೇ ಹೇಳಬಹುದಿತ್ತಲ್ಲ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ತಿಂಗಳಲ್ಲಿ 3,000 ರೂಪಾಯಿಗಳಂತೆ ಕಡಿತ ಮಾಡಲು ಕೇಳಿಕೊಂಡೆ, ಒಪ್ಪಿದರು. ಯಾರೂ ಹೊಗಳಲಿಲ್ಲ. ಹೊಗಳಬೇಕಾದ ಕೆಲಸವನ್ನು ನಾನು ಮಾಡಿಯೂ ಇರಲಿಲ್ಲ.

ಆಗ ನನಗೆ ಮನದಟ್ಟಾದದ್ದು ಇಷ್ಟೇ. ಜೂನ್ ಮತ್ತು ಜುಲೈ ತಿಂಗಳ ತಪ್ಪು ಕಚೇರಿಯದ್ದು. ಆಗಸ್ಟ್‌ನಿಂದಾಚೆಗಿನ ತಪ್ಪು ನನ್ನದು. ಹಣ ಒಂದೇ, ಖಾತೆ ಒಂದೇ, ಗುಮಾಸ್ತರ ಪ್ರಮಾದವೂ ಅದೇ. ನಡುವೆ ಬದಲಾದದ್ದು ನನ್ನ ಅರಿವು ಮಾತ್ರ. ಅರಿವಿಲ್ಲದೆ ಇಟ್ಟುಕೊಂಡದ್ದಕ್ಕೆ ಅಲ್ಲಾಹನು ಹಿಡಿಯುವುದಿಲ್ಲ ಎಂಬ ಭರವಸೆ ಇದೆ. ಅರಿತು ಇಟ್ಟುಕೊಂಡದ್ದಕ್ಕೆ "ನಾನು ಕೇಳಿ ಪಡೆದದ್ದಲ್ಲ" ಎಂಬುದು ಉತ್ತರವಾಗದು.

ಈ ವಿಷಯವನ್ನು ಮಾತನಾಡಿದಾಗಲೆಲ್ಲ ನಮ್ಮವರಿಂದ ಕೆಲವು ಆಕ್ಷೇಪಗಳು ಬರುತ್ತವೆ. ಅವುಗಳನ್ನು ತಳ್ಳಿಹಾಕದೆ ಪರಿಶೀಲಿಸೋಣ.

ಮೊದಲನೆಯದು, "ಕೋಟ್ಯಂತರ ವಹಿವಾಟಿನ ಕಂಪೆನಿಗೆ ಈ ಚಿಲ್ಲರೆ ಯಾವ ಲೆಕ್ಕ?" ಖೈಬರ್‌ನಿಂದ ಮರಳುವ ದಾರಿಯಲ್ಲಿ ಪ್ರವಾದಿ(ಸ)ರ ಸೇವಕರೊಬ್ಬರು ಬಾಣ ತಗುಲಿ ಮೃತರಾದರು. ಜನರು ಅವರಿಗೆ ಸ್ವರ್ಗದ ಶುಭಾಶಯ ಹೇಳತೊಡಗಿದರು. ಆದರೆ ಹಂಚಿಕೆಗೆ ಮೊದಲೇ ಸಮರಸೊತ್ತಿನಿಂದ ಎತ್ತಿಕೊಂಡಿದ್ದ ಒಂದು ಹೊದಿಕೆ ಅವರ ಮೇಲೆ ಬೆಂಕಿಯಾಗಿ ಉರಿಯುತ್ತಿದೆ ಎಂದು ಪ್ರವಾದಿ(ಸ) ತಿಳಿಸಿದರು. ಇದನ್ನು ಕೇಳಿದ ಒಬ್ಬಾತ ತಾನು ಎತ್ತಿಟ್ಟುಕೊಂಡಿದ್ದ ಚಪ್ಪಲಿಯ ಒಂದೆರಡು ಬಾರುಗಳನ್ನು ತಂದೊಪ್ಪಿಸಿದ. ಅದಾದರೂ ಬೆಂಕಿಯ ಬಾರೇ ಎಂಬ ಎಚ್ಚರಿಕೆ ಅವನಿಗೆ ಸಿಕ್ಕಿತು. ಖೈಬರ್‌ನ ಸಂಪತ್ತಿನ ಮುಂದೆ ಚಪ್ಪಲಿಯ ಬಾರು ಯಾವ ಲೆಕ್ಕ? ಕಳೆದುಕೊಂಡವನಿಗೆ ಎಷ್ಟು ನಷ್ಟ ಎಂದು ಅಲ್ಲಿ ನೋಡಿಲ್ಲ, ಇಟ್ಟುಕೊಂಡವನಿಗೆ ಹಕ್ಕಿತ್ತೇ ಎಂದು ನೋಡಲಾಗಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. "ಅವರು ನಮ್ಮ ಓವರ್‌ಟೈಮ್ ಕೊಡುವುದಿಲ್ಲ, ರಜೆ ಕೊಡುವುದಿಲ್ಲ. ಇದು ನಮ್ಮದೇ ಬಾಕಿ ಎಂದುಕೊಂಡರೆ ಏನು?" ಇದರಲ್ಲಿ ನೋವಿದೆ, ಎಷ್ಟೋ ಕಡೆ ಸತ್ಯವೂ ಇದೆ. ಆದರೆ ಹಿಜ್ರತ್‌ನ ರಾತ್ರಿಯನ್ನು ನೆನಪಿಸಿಕೊಳ್ಳಿ. ಮಕ್ಕಾದ ಮುಖಂಡರು ಪ್ರವಾದಿ(ಸ)ರನ್ನು ಕೊಲ್ಲಲು ಸಂಚು ಹೂಡಿದ್ದರು. ಅದೇ ಮಕ್ಕಾದ ಜನರ ಅಮಾನತುಗಳು ಪ್ರವಾದಿ(ಸ)ರ ಬಳಿ ಇದ್ದವು. ಊರು ಬಿಡುವಾಗ ಅವುಗಳನ್ನು ಹಕ್ಕುದಾರರಿಗೆ ತಲುಪಿಸಲೆಂದೇ ಹಝ್ರತ್ ಅಲಿ(ರ)ರನ್ನು ಹಿಂದೆ ಉಳಿಸಿ ಹೋದರು. ಅನ್ಯಾಯಕ್ಕೊಳಗಾದವನಿಗೆ ಅಮಾನತನ್ನು ಪರಿಹಾರವೆಂದು ಇಟ್ಟುಕೊಳ್ಳುವ ಹಕ್ಕಿದ್ದಿದ್ದರೆ, ಅಂದು ಅದಕ್ಕಿಂತ ದೊಡ್ಡ ಕಾರಣ ಯಾರಿಗಿತ್ತು?

ಅಬೂ ಸುಫ್ಯಾನ್‌ರ ಪತ್ನಿ ಹಿಂದ್(ರ) ಅವರ ಪ್ರಕರಣವನ್ನು ಕೆಲವರು ಎತ್ತುತ್ತಾರೆ. ಪತಿ ಸಾಕಷ್ಟು ಖರ್ಚು ಕೊಡುವುದಿಲ್ಲವೆಂದು ಅವರು ದೂರಿದಾಗ, ತನಗೂ ಮಕ್ಕಳಿಗೂ ಬೇಕಾದಷ್ಟನ್ನು ನ್ಯಾಯೋಚಿತವಾಗಿ ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿಸಿದ್ದು ನಿಜ. ಇದರ ಆಧಾರದಲ್ಲಿ, ಸಲ್ಲಬೇಕಾದ ಹಕ್ಕನ್ನು ಸಾಲಗಾರನ ಸೊತ್ತಿನಿಂದ ಅವನಿಗೆ ತಿಳಿಸದೆ ಪಡೆಯಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅನುಮತಿಸುವವರೂ ಹಕ್ಕು ನಿಸ್ಸಂದೇಹವಾಗಿರಬೇಕು, ಬೇರೆ ದಾರಿ ಇಲ್ಲದಿರಬೇಕು, ಹಕ್ಕಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಷರತ್ತುಗಳನ್ನು ಇಡುತ್ತಾರೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಹಿಂದ್(ರ) ಬಂದು ಕೇಳಿದರು. ತಾವೇ ವಾದಿ, ತಾವೇ ನ್ಯಾಯಾಧೀಶರಾಗಲಿಲ್ಲ. ಮಾಲಿಕನಿಂದ ಬಾಕಿ ಇದೆಯೇ? ಲೆಕ್ಕ ಬರೆದು ಕೇಳಿ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಬಾಗಿಲು ತಟ್ಟಿ. ಹೆಚ್ಚು ಬಂದದ್ದನ್ನು ತಿಳಿಸಿದವನು ತನ್ನ ಬಾಕಿಯನ್ನು ಕೇಳುವಾಗ ತಲೆ ಎತ್ತಿ ಕೇಳಬಲ್ಲ. ಮುಚ್ಚಿಟ್ಟವನಿಗೆ ಆ ಧೈರ್ಯ ಇರುವುದಿಲ್ಲ.

ಮೂರನೆಯದು ನಮ್ಮ ನಡುವೆ ಮಾತ್ರ ಕೇಳಿಬರುವ ಧಾರ್ಮಿಕ ಸಮಜಾಯಿಷಿ. "ಆ ಹಣವನ್ನು ನಾನು ತಿನ್ನುವುದಿಲ್ಲ, ಯತೀಮ್ ಮಕ್ಕಳಿಗೆ ಕೊಟ್ಟುಬಿಡುತ್ತೇನೆ." ಇನ್ನೊಬ್ಬರ ಜೇಬಿನಿಂದ ಸದಕಾ ಕೊಡುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಹಕ್ಕುದಾರನು ಯಾರೆಂದು ತಿಳಿಯದಿರುವಾಗ, ಎಷ್ಟು ಹುಡುಕಿದರೂ ಸಿಗದಿರುವಾಗ ಅವನ ಪರವಾಗಿ ದಾನ ಮಾಡುವ ಮಾತನ್ನು ವಿದ್ವಾಂಸರು ಹೇಳಿದ್ದಾರೆ. ನಾಳೆ ಬೆಳಗ್ಗೆ ಒಂಬತ್ತು ಗಂಟೆಗೆ ನಾವು ಯಾರ ಮುಂದೆ ಹಾಜರಿ ಹಾಕುತ್ತೇವೆಯೋ, ಆ ಹಕ್ಕುದಾರ ಕಾಣೆಯಾಗಿಲ್ಲ.

ನಾಲ್ಕನೆಯದು ಕಾನೂನಿನ ಮಾತು. "ಹೆಚ್ಚು ಕೊಟ್ಟದ್ದನ್ನು ನೌಕರನಿಂದ ವಸೂಲಿ ಮಾಡಬಾರದೆಂದು ಸುಪ್ರೀಮ್ ಕೋರ್ಟ್ ಹೇಳಿದೆಯಲ್ಲ" ಎಂದು ಸರಕಾರಿ ನೌಕರಿಯಲ್ಲಿರುವ ಕೆಲವರು ಹೇಳುತ್ತಾರೆ. ಅರ್ಧ ಮಾತು ಇದು. 1872ರ ಭಾರತೀಯ ಕರಾರು ಕಾಯ್ದೆಯ 72ನೆಯ ಕಲಮಿನ ಪ್ರಕಾರ, ತಪ್ಪಿನಿಂದ ಪಾವತಿಯಾದ ಹಣವನ್ನು ಪಡೆದವನು ಮರಳಿಸಬೇಕು. ಹೆಚ್ಚು ಪಾವತಿಯಾದ ವೇತನವನ್ನು ಮುಂದಿನ ವೇತನದಲ್ಲಿ ಹೊಂದಿಸಿಕೊಳ್ಳಲು 1936ರ ವೇತನ ಪಾವತಿ ಕಾಯ್ದೆಯೇ ಅವಕಾಶ ನೀಡಿತ್ತು. ಪಂಜಾಬ್ ಸರಕಾರ ಮತ್ತು ರಫೀಕ್ ಮಸೀಹ್ ನಡುವಣ ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟ್ ಕೆಲವು ಸಂದರ್ಭಗಳಲ್ಲಿ ಇಂತಹ ವಸೂಲಿಯನ್ನು ತಡೆಯಿತು. ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರು, ನಿವೃತ್ತರು ಮತ್ತು ಒಂದು ವರ್ಷದೊಳಗೆ ನಿವೃತ್ತರಾಗುವವರು, ಐದು ವರ್ಷಗಳಿಗಿಂತ ಹೆಚ್ಚು ಕಾಲ ಹೆಚ್ಚುವರಿ ಪಾವತಿ ಪಡೆದವರು ಮುಂತಾದವರಿಗೆ ಅದು ರಕ್ಷಣೆ ನೀಡಿತು. ಬಡ ನೌಕರನ ಬದುಕು ಒಮ್ಮೆಲೇ ಕುಸಿಯಬಾರದೆಂಬ ಕರುಣೆ ಅದರ ಹಿಂದಿದೆ. ಆ ಕರುಣೆಯನ್ನು ನಾವು ಗೌರವಿಸಬೇಕು. ಆದರೆ ಬಿಹಾರದ ಶಿಕ್ಷಕರಿಗೆ ಸಂಬಂಧಿಸಿದ ಸೈಯದ್ ಅಬ್ದುಲ್ ಖಾದಿರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಂದು ಮಾತನ್ನು ಸ್ಪಷ್ಟಪಡಿಸಿತ್ತು. ಈ ವಿನಾಯಿತಿ ನೌಕರನ ಹಕ್ಕಲ್ಲ, ಕಷ್ಟ ತಪ್ಪಿಸಲು ನ್ಯಾಯಾಲಯ ತೋರುವ ಔದಾರ್ಯ. ಹೆಚ್ಚು ಬರುತ್ತಿದೆ ಎಂದು ನೌಕರನಿಗೆ ತಿಳಿದಿತ್ತೆಂದು ರುಜುವಾತಾದರೆ ವಸೂಲಿಗೆ ಆದೇಶಿಸಬಹುದು. ಅಂದರೆ ದೇಶದ ನ್ಯಾಯಾಲಯವೂ ಕೊನೆಗೆ ಕೇಳುವುದು ಅದೇ ಪ್ರಶ್ನೆಯನ್ನು, ನಿನಗೆ ಗೊತ್ತಿತ್ತೇ? ನ್ಯಾಯಾಲಯಕ್ಕೆ ರುಜುವಾತು ಬೇಕು. ಅಲ್ಲಾಹನಿಗೆ ಬೇಕಿಲ್ಲ.

ಮನುಷ್ಯರ ಹಕ್ಕಿನ ವಿಷಯದಲ್ಲಿ ಪಶ್ಚಾತ್ತಾಪವೊಂದೇ ಸಾಲದು, ಹಕ್ಕನ್ನು ಮರಳಿಸಬೇಕು ಅಥವಾ ಹಕ್ಕುದಾರನಿಂದ ಮನ್ನಾ ಪಡೆಯಬೇಕು ಎಂಬುದು ನಮಗೆಲ್ಲ ತಿಳಿದ ನಿಯಮ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಖಿಯಾಮತ್‌ನ ದಿನ ಬಂದರೂ, ಇತರರ ಸೊತ್ತನ್ನು ತಿಂದ ಕಾರಣಕ್ಕೆ ತನ್ನ ಪುಣ್ಯಗಳನ್ನೆಲ್ಲ ಅವರಿಗೆ ಹಂಚಿ ಬರಿಗೈಯಾಗುವವನನ್ನು ಪ್ರವಾದಿ(ಸ) ನಿಜವಾದ ದಿವಾಳಿಗಾರನೆಂದು ವರ್ಣಿಸಿದ್ದಾರೆ. ಮಾಲಿಕನು ಮುಸ್ಲಿಮನೋ ಅಲ್ಲವೋ ಎಂಬುದು ಈ ಲೆಕ್ಕವನ್ನು ಬದಲಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ತಿಂಗಳಿಗೊಮ್ಮೆ ಸಂಬಳದ ಚೀಟಿಯನ್ನು ತೆರೆದು ಸಾಲು ಸಾಲಾಗಿ ಓದುವ ಅಭ್ಯಾಸ ಇರಲಿ. ನನ್ನಂತೆ "ನೋಡುವವನಲ್ಲ" ಎಂದು ಹೇಳಿಕೊಳ್ಳುವುದು ಸದ್ಗುಣವಲ್ಲ. ವ್ಯತ್ಯಾಸ ಕಂಡರೆ ಅಂದೇ ಲೆಕ್ಕ ವಿಭಾಗಕ್ಕೆ ಪತ್ರ ಅಥವಾ ಇಮೇಲ್ ಮೂಲಕ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಬಾಯಿಮಾತು ಮರೆತುಹೋಗುತ್ತದೆ. ಹೆಚ್ಚು ಬಂದ ಮೊತ್ತವನ್ನು ಬೇರೆಯಾಗಿ ಇಡಿ. ಈಗಾಗಲೇ ಖರ್ಚಾಗಿದ್ದರೆ ಮುಚ್ಚಿಡಬೇಡಿ, ಕಂತುಗಳಲ್ಲಿ ಕಡಿತ ಮಾಡಲು ಕೇಳಿಕೊಳ್ಳಿ. ಕೈಗೆ ಬಂದ ಮೊತ್ತವೂ ಸಂಸ್ಥೆ ಖರ್ಚು ಹಾಕಿದ ಮೊತ್ತವೂ ಒಂದೇ ಆಗಿರಲಾರದು. ಪೂರ್ಣ ಮೂಲವೇತನದ ಮೇಲೆ ಭವಿಷ್ಯನಿಧಿ ಕಡಿತ ಮಾಡುವ ಸಂಸ್ಥೆಯಲ್ಲಿ, ಮೂಲವೇತನ 5,000 ರೂಪಾಯಿ ಹೆಚ್ಚಾಗಿ ದಾಖಲಾದರೆ ಅದರ ಶೇಕಡಾ 12, ಅಂದರೆ 600 ರೂಪಾಯಿ ನಿಧಿಗೆ ಹೋಗಿರುತ್ತದೆ. ಆದಾಯ ತೆರಿಗೆಯೂ ಕಡಿತವಾಗಿರಬಹುದು. ಆದ್ದರಿಂದ ಎಷ್ಟು ಮರಳಿಸಬೇಕೆಂದು ಬರವಣಿಗೆಯಲ್ಲಿ ಪಡೆದು, ವರ್ಷದ ಕೊನೆಯ ತೆರಿಗೆ ಕಡಿತದ ಪ್ರಮಾಣಪತ್ರದಲ್ಲಿ ತಿದ್ದುಪಡಿ ಆಗಿದೆಯೇ ಎಂದು ನೋಡಿಕೊಳ್ಳಿ. ಇನ್ನೊಂದು ಎಚ್ಚರಿಕೆಯೂ ಬೇಕು. ಹಣವನ್ನು ಸಂಸ್ಥೆಯ ಅಧಿಕೃತ ಖಾತೆಗೆ ಮಾತ್ರ ಮರಳಿಸಿ ರಸೀದಿ ಪಡೆಯಿರಿ. "ನಿಮ್ಮ ಖಾತೆಗೆ ತಪ್ಪಿ ಹಣ ಬಂದಿದೆ, ಈ ನಂಬರಿಗೆ ಕಳುಹಿಸಿ" ಎಂದು ಅಪರಿಚಿತರು ಕರೆ ಮಾಡಿ ವಂಚಿಸುವ ಕಾಲವಿದು. ಪ್ರಾಮಾಣಿಕತೆಗೆ ಜಾಗರೂಕತೆ ವಿರೋಧಿಯಲ್ಲ.

ಇಷ್ಟು ಹೇಳಿ ಮಾಲಿಕರ ಸ್ಥಾನದಲ್ಲಿರುವವರಿಗೆ ಏನೂ ಹೇಳದಿದ್ದರೆ ಅದೂ ಅಳತೆಯಲ್ಲಿ ಮೋಸವಾಗುತ್ತದೆ. ನಮ್ಮಲ್ಲಿ ಅಂಗಡಿ ನಡೆಸುವವರಿದ್ದಾರೆ, ಗುತ್ತಿಗೆದಾರರಿದ್ದಾರೆ, ಶಾಲೆಗಳ ಮತ್ತು ಮಸೀದಿಗಳ ಆಡಳಿತ ಸಮಿತಿಗಳಲ್ಲಿ ಕುಳಿತವರಿದ್ದಾರೆ. ತಪ್ಪನ್ನು ತಿಳಿಸಲು ಬಂದ ನೌಕರನನ್ನು ಸಂಶಯದಿಂದ ನೋಡಿದರೆ, ಗುಮಾಸ್ತನನ್ನು ಎಲ್ಲರೆದುರು ಅವಮಾನಿಸಿದರೆ, ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ನೌಕರನಿಗೆ ಕಡಿಮೆ ಕೊಟ್ಟಿದ್ದೇವೆಂದು ನಮಗೇ ಗೊತ್ತಾದಾಗ, ಅವನು ಕೇಳುವವರೆಗೆ ನಾವೂ ಕಾಯುತ್ತೇವೆಯೇ? ಗುಹೆಯಲ್ಲಿ ಸಿಲುಕಿದ ಮೂವರ ವೃತ್ತಾಂತದಲ್ಲಿ ಒಬ್ಬನು ಮಾಲಿಕನಾಗಿದ್ದ. ಕೂಲಿ ಪಡೆಯದೆ ಹೊರಟುಹೋದ ಕೆಲಸಗಾರನ ಕೂಲಿಯನ್ನು ಬೆಳೆಸಿ, ಆತ ವರ್ಷಗಳ ಬಳಿಕ ಮರಳಿದಾಗ ಜಾನುವಾರುಗಳ ಹಿಂಡನ್ನೇ ಒಪ್ಪಿಸಿದ. ಕೇಳಲು ಬಂದವನು ತನ್ನನ್ನು ಗೇಲಿ ಮಾಡಲಾಗುತ್ತಿದೆ ಎಂದುಕೊಂಡನಂತೆ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಖಿಯಾಮತ್‌ನ ದಿನ ತಾನೇ ಎದುರುವಾದಿಯಾಗುವೆನೆಂದು ಅಲ್ಲಾಹನು ಎಚ್ಚರಿಸಿರುವುದೂ ಹದೀಸ್‌ನಲ್ಲಿದೆ. ಅಮಾನತ್ ಎರಡೂ ಕಡೆ ಇದೆ.

ಹಝ್ರತ್ ಮೂಸಾ(ಅ)ರನ್ನು ಮದ್‌ಯನ್‌ನಲ್ಲಿ ಕೆಲಸಕ್ಕಿಟ್ಟುಕೊಳ್ಳಲು ಆ ಮನೆಯ ಮಗಳು ತಂದೆಗೆ ಶಿಫಾರಸು ಮಾಡಿದ ಸಂದರ್ಭ ಅಲ್ ಕಸಸ್ ಅಧ್ಯಾಯದಲ್ಲಿದೆ. ಆಕೆ ಎಣಿಸಿದ ಅರ್ಹತೆಗಳು ಎರಡೇ, ಬಲ ಮತ್ತು ಪ್ರಾಮಾಣಿಕತೆ. ನಮ್ಮ ಮಕ್ಕಳನ್ನು ಮೊದಲನೆಯದಕ್ಕೆ, ಅಂದರೆ ಪದವಿಗೆ, ಕೌಶಲಕ್ಕೆ, ಇಂಗ್ಲಿಷ್ ಮಾತಿಗೆ ಸಿದ್ಧಪಡಿಸಲು ನಾವು ಸಾಕಷ್ಟು ಖರ್ಚು ಮಾಡುತ್ತಿದ್ದೇವೆ. ಎರಡನೆಯದಕ್ಕೆ ಸಿದ್ಧತೆ ಮನೆಯಲ್ಲೇ ಆಗಬೇಕು. ಮಗ ಈ ತಿಂಗಳು ಹೆಚ್ಚು ಹಣ ಕಳುಹಿಸಿದರೆ ತಾಯಿ ಸಂತೋಷಪಡುವ ಮೊದಲು "ಇದು ಎಲ್ಲಿಯದು ಮಗಾ?" ಎಂದು ಕೇಳಲಿ. ಅಂದು ಅನ್ನ ಬಡಿಸುತ್ತಾ ನನ್ನ ಮನೆಯವಳು ಹೇಳಿದ ಒಂದು ಮಾತನ್ನು ನಾನು ಕೇಳಿದ್ದರೆ, ಮೂರು ತಿಂಗಳ ಮೌನ ನನ್ನ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ನನ್ನ ವಿದ್ಯಾರ್ಥಿಗೆ ಅಂದು ರಾತ್ರಿ ಇದನ್ನೆಲ್ಲ ಹೇಳಲಿಲ್ಲ. ನನ್ನ 9,000 ರೂಪಾಯಿಯ ಕಥೆಯನ್ನಷ್ಟೇ ಹೇಳಿದೆ. ಎರಡು ದಿನ ಬಿಟ್ಟು ಅವನ ಸಂದೇಶ ಬಂತು. ಕಚೇರಿಗೆ ಇಮೇಲ್ ಬರೆದಿದ್ದ. ಇನ್ನೂ ಹನ್ನೊಂದು ಮಂದಿಯ ಖಾತೆಗೆ ಹಾಗೆಯೇ ಎರಡು ಬಾರಿ ಜಮೆಯಾಗಿತ್ತಂತೆ. ಮೊದಲು ತಿಳಿಸಿದವನು ಇವನು. ಹಣವನ್ನು ಮರಳಿಸಿದ್ದಾನೆ. ಬಹುಮಾನ ಸಿಗಲಿಲ್ಲ, ತಂಗಿಯ ಮದುವೆಯ ಖರ್ಚು ಇನ್ನೂ ಹೊಂದಿಕೆಯಾಗಿಲ್ಲ. "ಆದರೆ ಉಸ್ತಾದ್, ನಿನ್ನೆ ನಿದ್ದೆ ಚೆನ್ನಾಗಿ ಬಂತು" ಎಂದು ಬರೆದಿದ್ದ.

ಅಲ್ಲಾಹನು ಅವನ ಮನೆಯ ಅಗತ್ಯಗಳನ್ನು ಹಲಾಲ್ ಮಾರ್ಗದಿಂದಲೇ ಪೂರೈಸಲಿ. ನಮ್ಮೆಲ್ಲರ ದುಡಿಮೆಯನ್ನೂ ಲೆಕ್ಕವನ್ನೂ ಶುದ್ಧಗೊಳಿಸಲಿ. ಆಮೀನ್.